ಮಗಳ ಊರಿನಲ್ಲೊಂದು ಕೋಣೆ

ಮಕ್ಕಳನ್ನು ದೂರದ ಊರಿನ ವಿಶ್ವವಿದ್ಯಾನಿಲಯಕ್ಕೆ ಸೇರಿಸಿದ ತಂದೆತಾಯಿಗೆ ಸಂಕಟ ಎರಡು ಸಲ. ಮೊದಲನೆಯದು ಹಾಸ್ಟೆಲಿನ ಗೇಟಿನ ಮುಂದೆ ಬಿಟ್ಟು ಹಿಂತಿರುಗುವಾಗ. ಅದಕ್ಕೆ ಎಲ್ಲರೂ ಸಿದ್ಧರಾಗಿಯೇ ಹೋಗಿರುತ್ತಾರೆ; ಕರವಸ್ತ್ರ ಜೇಬಿನಲ್ಲಿರುತ್ತದೆ. ಎರಡನೆಯದು ಮೂರು ನಾಲ್ಕು ತಿಂಗಳ ಮೇಲೆ, ಒಮ್ಮೆ ಹೋಗಿ ನೋಡಿಕೊಂಡು ಬರೋಣವೆಂದು ಗಂಡಹೆಂಡಿರು ಮಾತಾಡಿಕೊಂಡಾಗ. ರೊಟ್ಟಿ ಎಷ್ಟು ಕಟ್ಟಬೇಕು, ಹೋಳಿಗೆ ಎಷ್ಟು ಕಟ್ಟಬೇಕು ಎಂಬುದೆಲ್ಲ ತಾಯಿಗೆ ಗೊತ್ತು. ಗೊತ್ತಿಲ್ಲದ್ದು ಒಂದೇ: ಇಳಿದುಕೊಳ್ಳುವುದು ಎಲ್ಲಿ?

ಹಿಂದಿನವರಿಗೆ ಈ ಪ್ರಶ್ನೆ ಇಷ್ಟು ಕಾಡಿದಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದ ಕಾಲದಲ್ಲಿ ಹಳ್ಳಿಯಿಂದ ಓದಲು ಬಂದ ಎಷ್ಟೋ ಹುಡುಗರು ವಾರಾನ್ನದಲ್ಲಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ನೋಡಲು ಬಂದ ಅಪ್ಪ ನೆಂಟರ ಮನೆಯ ಜಗುಲಿಯಲ್ಲೋ ಛತ್ರದಲ್ಲೋ ಚಾಪೆ ಹಾಸಿಕೊಂಡರೆ ಆಯಿತು. ಈಗ ನೆಂಟರ ಮನೆಗೆ ಜಗುಲಿಯಿಲ್ಲ. ಎರಡು ಕೋಣೆಯ ಮನೆಯಲ್ಲಿ ಅವರ ಮಕ್ಕಳಿಗೂ ಪರೀಕ್ಷೆ ಇರುತ್ತದೆ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರಕ್ಕೆ ಇಂದು ಜನ ಹೋಗುವುದು ಮೇಳ, ಪ್ರದರ್ಶನಗಳಿಗೆ. ಉಳಿದದ್ದು ಲಾಡ್ಜು.

ಹಾವೇರಿ ಜಿಲ್ಲೆಯ ಬ್ಯಾಡಗಿ ಸೀಮೆಯ ಒಬ್ಬ ಮೆಣಸಿನಕಾಯಿ ಬೆಳೆಗಾರನಿಗೂ ಅವನ ಹೆಂಡತಿಗೂ ಈ ಲಾಡ್ಜು ಎಂಬುದು ಹೊಸ ಲೋಕ. ಮಗಳು ರಸಾಯನಶಾಸ್ತ್ರದ ಎಂ.ಎಸ್‌ಸಿ.ಗೆ ಮಾನಸಗಂಗೋತ್ರಿ ಸೇರಿದ್ದಳು. ಏಳುನೂರು ಎಕರೆಗೂ ಮಿಕ್ಕ ಆವರಣ; 1960ರಲ್ಲಿ ಅದಕ್ಕೆ ಆ ಹೆಸರು ಕೊಟ್ಟವರು ಆಗಿನ ಕುಲಪತಿ ಕುವೆಂಪು ಎಂಬುದನ್ನು ಮಗಳೇ ಫೋನಿನಲ್ಲಿ ಹೇಳಿದ್ದಳು. ಡಿಸೆಂಬರಿನಲ್ಲಿ ಪರೀಕ್ಷೆಗೆ ಮುಂಚೆ ಒಮ್ಮೆ ಮುಖ ನೋಡಿ ಬರುವುದೆಂದಾಯಿತು. ತಾಯಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಆದರೆ ರಾತ್ರಿಯಿಡೀ ಕುಳಿತು ಹೋಗಲು ಅವಳ ಮೊಣಕಾಲು ಒಪ್ಪಲಿಲ್ಲ. ಹಾವೇರಿಯಲ್ಲಿ ರಾತ್ರಿಗಾಡಿ ಹತ್ತಿದರು, ಬೆಳಗಾಗುವಷ್ಟರಲ್ಲಿ ಮೈಸೂರು.

ಕೋಣೆಯನ್ನು ಆರಿಸಿದವನು ಅಪ್ಪ. ಅವನ ಲೆಕ್ಕ ಸರಳವಾಗಿತ್ತು: ಬಸ್ ನಿಲ್ದಾಣಕ್ಕೆ ಹತ್ತಿರ, ಬಾಡಿಗೆ ಕಡಿಮೆ. ಎರಡು ರಾತ್ರಿ ಕಣ್ಣು ಮುಚ್ಚಲು ಇದಕ್ಕಿಂತ ಏನು ಬೇಕು? ಕೋಣೆಗೆ ಒಂದು ಕಿಟಕಿಯಿತ್ತು, ಅದು ಪಕ್ಕದ ಕಟ್ಟಡದ ಗೋಡೆಗೆ ತೆರೆದುಕೊಳ್ಳುತ್ತಿತ್ತು. ಒಂದೇ ಕುರ್ಚಿ. ಸಂಜೆ ತರಗತಿ ಮುಗಿಸಿ ಬಂದ ಮಗಳು ಆ ಕುರ್ಚಿಯ ತುದಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಳು, ಯಾರದೋ ಆಫೀಸಿಗೆ ಬಂದವಳ ಹಾಗೆ. ತಾಯಿ ಮಂಚದ ಮೇಲೆ ಪೇಪರು ಹಾಸಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬಿಚ್ಚಿಟ್ಟಳು. ಎರಡು ತುತ್ತು ತಿನ್ನುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ರಾತ್ರಿ ಎಂಟರ ಮೇಲೆ ಹೊರಗಿನೋರು ರೂಮಲ್ಲಿ ಇರೋ ಹಾಗಿಲ್ಲ ಸಾರ್."

"ಹೊರಗಿನಾಕಿ ಅಲ್ರೀ, ನನ್ನ ಮಗಳು."

"ಇರಬಹುದು ಸಾರ್. ರಿಜಿಸ್ಟರಲ್ಲಿ ಎರಡೇ ಹೆಸರಿದೆ."

ಹುಡುಗನದೇನೂ ತಪ್ಪಿಲ್ಲ, ಅವನಿಗೆ ಹೇಳಿಕೊಟ್ಟ ನಿಯಮ ಅದು. ಮಗಳು ಎದ್ದಳು. ಮರುದಿನ ಅರಮನೆ ತೋರಿಸಿದಳು, ಮೃಗಾಲಯ ತೋರಿಸಿದಳು, ಮಸಾಲೆ ದೋಸೆ ತಿನ್ನಿಸಿದಳು. "ಹ್ಯಾಂಗ ನಡದೈತಿ ಓದು?" ಎಂದು ಅಪ್ಪ ಕೇಳಿದಾಗಲೆಲ್ಲ "ಚಲೋ ನಡದೈತಿ" ಎಂದಳು. ವಾಪಸು ಬರುವ ರೈಲಿನಲ್ಲಿ ದೀಪ ಆರಿಸಿದ ಮೇಲೆ ತಾಯಿ ಕೆಳಗಿನ ಬರ್ತಿನಿಂದ ಒಂದೇ ಮಾತು ಹೇಳಿದಳು: "ಆಕಿ ಏನೋ ಹೇಳಬೇಕಂತ ಮಾಡಿದ್ಲು. ಹೇಳಲಿಲ್ಲ."

ಮಕ್ಕಳನ್ನು ನೋಡಲು ಹೋಗುವ ಎಲ್ಲ ತಂದೆತಾಯಿಗಳೂ ಯೋಚಿಸಬೇಕಾದದ್ದು ಇಲ್ಲಿದೆ. ಫೋನು ದಿನಾ ಬರುತ್ತದೆ, ಈಗಂತೂ ಮುಖವೂ ಕಾಣುತ್ತದೆ. ಆದರೆ ಫೋನಿನ ಆ ಬದಿಯಲ್ಲಿ ಕೋಣೆಯ ಗೆಳತಿಯರು ಇರುತ್ತಾರೆ. ಹಾಸ್ಟೆಲಿನಲ್ಲಿ ಬಂದವರನ್ನು ಕೂರಿಸುವ ಜಾಗದಲ್ಲಿ ಇನ್ನೂ ನಾಲ್ಕು ಮನೆಯವರು ತಮ್ಮ ಗಂಟು ಬಿಚ್ಚಿರುತ್ತಾರೆ. ಹೋಟೆಲಿನಲ್ಲಿ ಮಾಣಿ ಬಿಲ್ಲು ಹಿಡಿದು ನಿಂತಿರುತ್ತಾನೆ. ಊರು ನೋಡುವಾಗ ಕಣ್ಣಿಗೆ ಕೆಲಸ, ಬಾಯಿಗೆ ಬಿಡುವಿಲ್ಲ. ಮನೆಯಲ್ಲಾದರೆ ಮಗಳು ಅಡಿಗೆಮನೆಯ ಹೊಸ್ತಿಲ ಮೇಲೆ ಸುಮ್ಮನೆ ಬಂದು ಕೂರುತ್ತಾಳೆ. ಅರ್ಧ ಗಂಟೆ ಏನೂ ಆಡದೆ, ಆಮೇಲೆ ಆಡಬೇಕಾದದ್ದನ್ನು ಆಡುತ್ತಾಳೆ. ಆ ಹೊಸ್ತಿಲನ್ನು ರೈಲಿನಲ್ಲಿ ಹೊತ್ತು ತರಲಾಗುವುದಿಲ್ಲ. ಪರಊರಿನಲ್ಲಿ ಅದರ ಬದಲಿಗೆ ಸಿಗುವುದು ಲಾಡ್ಜಿನ ಒಂದು ಕೋಣೆ ಮಾತ್ರ. ಅದನ್ನು ತಂದೆತಾಯಿಯ ಎರಡು ರಾತ್ರಿಯ ನಿದ್ದೆಗೆಂದು ಆರಿಸುವುದು ಒಂದು, ಮಗು ಬಂದು ಕಾಲು ಚಾಚಿ ಕೂರಲೆಂದು ಆರಿಸುವುದು ಇನ್ನೊಂದು.

ಹೀಗೆ ನೋಡಿದಾಗ ಕೇಳಬೇಕಾದ ಪ್ರಶ್ನೆಗಳೇ ಬೇರೆಯಾಗುತ್ತವೆ. ಬಾಡಿಗೆ ಎಷ್ಟು ಎಂಬುದಕ್ಕೆ ಮೊದಲು, ಮಗ ಅಥವಾ ಮಗಳು ಕೋಣೆಗೆ ಬರಬಹುದೇ, ಎಷ್ಟು ಹೊತ್ತಿನವರೆಗೆ ಇರಬಹುದು ಎಂದು ಕೇಳಬೇಕು. ಕೆಲವು ಕಡೆ ಹೊರಗಿನವರನ್ನು ಮೇಲೆ ಬಿಡುವುದೇ ಇಲ್ಲ. ಮೂರನೆಯವರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆಸಿ, ಗುರುತಿನ ಚೀಟಿ ತೋರಿಸಿ, ಹೆಚ್ಚುವರಿ ಹಾಸಿಗೆಗೆ ಒಂದಿಷ್ಟು ಕೊಟ್ಟುಬಿಟ್ಟರೆ ಬಾಗಿಲು ಬಡಿಯುವ ಪ್ರಸಂಗವಿಲ್ಲ. ಮಗಳು ರಾತ್ರಿ ಉಳಿಯುವುದಾದರೆ ಹಾಸ್ಟೆಲಿನ ಕಡೆಯದೂ ಒಂದು ಕೆಲಸವಿದೆ. ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬರಹದಲ್ಲಿರಬೇಕು. ಸಂಜೆ ಆರಕ್ಕೆ ಹೋಗಿ ವಾರ್ಡನ್ ಎಲ್ಲಿ ಎಂದು ಹುಡುಕುವುದಕ್ಕಿಂತ ಮುಂಚೆಯೇ ಹೇಳಿಡುವುದು ಮೇಲು.

ಎರಡನೆಯದು ಗಂಟೆಯ ಲೆಕ್ಕ. ಕೆಲವು ಲಾಡ್ಜುಗಳಲ್ಲಿ ದಿನವೆಂದರೆ ಒಳಗೆ ಬಂದ ಗಳಿಗೆಯಿಂದ 24 ತಾಸು. ಇನ್ನು ಕೆಲವಲ್ಲಿ ಎಷ್ಟು ಹೊತ್ತಿಗೆ ಬಂದರೂ ಮರುದಿನ ಮಧ್ಯಾಹ್ನ 12ಕ್ಕೆ ದಿನ ಮುಗಿಯಿತು. ರಾತ್ರಿಗಾಡಿಯಲ್ಲಿ ಬಂದು ಬೆಳಿಗ್ಗೆ ಇಳಿಯುವವರು ಈ ಎರಡನೆಯ ಬಗೆಯ ಕಡೆ ಹೋದರೆ ಮಧ್ಯಾಹ್ನದವರೆಗೆ ಗಂಟುಮೂಟೆ ಸಮೇತ ಕೆಳಗೆ ಕಾಯಬೇಕು, ಇಲ್ಲವೆ ಅರ್ಧ ದಿನಕ್ಕೆ ಪೂರ್ತಿ ಬಾಡಿಗೆ ತೆರಬೇಕು. ಬಿಸಿನೀರು ದಿನವಿಡೀ ಬರುತ್ತದೆಯೋ ಬೆಳಿಗ್ಗೆ ಎರಡು ಗಂಟೆ ಮಾತ್ರವೋ, ಲಿಫ್ಟು ಇದೆಯೋ ಇಲ್ಲವೋ ಎಂಬುದನ್ನೂ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಹೇಳಿದ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂಬುದು ಇನ್ನೊಂದು. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇಕಡಾ 12 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ.

ಮೂರನೆಯದು ಕಾಲ. ಮೈಸೂರೆಂದರೆ ದಸರಾ, ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಆದೀತೆಂದು ಆಗಲೇ ಹೊರಡುವವರಿದ್ದಾರೆ. ಆ ಹತ್ತು ದಿನ ಕೋಣೆ ಸಿಗುವುದೇ ದುಸ್ತರ, ಸಿಕ್ಕರೂ ಬಾಡಿಗೆ ಏರಿರುತ್ತದೆ. ಎಷ್ಟೋ ಸಲ ಹಾಸ್ಟೆಲಿನ ಮಕ್ಕಳೇ ರಜೆಗೆ ಊರಿಗೆ ಹೊರಟಿರುತ್ತಾರೆ. ಭಾನುವಾರ ಸಂಜೆ ಅರಮನೆಗೆ ದೀಪ ಹಾಕುವುದರಿಂದ ವಾರದ ಕೊನೆಗೂ ಜನ ಹೆಚ್ಚು. ಆದರೆ ಮಕ್ಕಳಿಗೆ ಬಿಡುವಿರುವುದೂ ಆಗಲೇ. ಅದಕ್ಕೆ ಎರಡು ವಾರ ಮುಂಚೆಯೇ ಕೋಣೆ ಹೇಳಿಡಬೇಕು.

ಇನ್ನು ಜಾಗ. ಮೈಸೂರಿನ ಹಳೆಯ ಲಾಡ್ಜುಗಳು ಹೆಚ್ಚಾಗಿ ಗಾಂಧಿ ಚೌಕ, ಧನ್ವಂತರಿ ರಸ್ತೆ, ಬಸ್ ನಿಲ್ದಾಣದ ಸುತ್ತಮುತ್ತ ಇವೆ. ಮಾನಸಗಂಗೋತ್ರಿ ಊರಿನ ಪಡುವಲಿಗೆ, ಕುಕ್ಕರಹಳ್ಳಿ ಕೆರೆಯ ಆಚೆ. ದೂರ ಹೆಚ್ಚೇನಲ್ಲ, ಆದರೆ ನಡುವೆ ಪೇಟೆಯ ಗದ್ದಲವಿದೆ. ಹಾಸ್ಟೆಲಿನ ಗೇಟಿಗೆ ಅಂಟಿಕೊಂಡೇ ಕೋಣೆ ಬೇಕೆನ್ನುವ ತಂದೆತಾಯಿಗಳೂ ಇದ್ದಾರೆ. ಕಣ್ಣಳತೆಯಲ್ಲಿದ್ದರೆ ಸಮಾಧಾನವೆಂಬುದು ಅವರ ಲೆಕ್ಕ. ಮಕ್ಕಳಿಗೆ ಮಾತ್ರ ಅದು ಕಾವಲಿನಂತೆ ಕಂಡೀತು. ಮಗು ಒಂದು ಆಟೋದಲ್ಲೋ ಸಿಟಿ ಬಸ್ಸಿನಲ್ಲೋ ಹತ್ತು ಹದಿನೈದು ನಿಮಿಷಕ್ಕೆ ತಾನಾಗಿ ಬರುವಷ್ಟು ಹತ್ತಿರ, ತಾನಾಗಿ ಹೋಗುವಷ್ಟು ದೂರ ಇದ್ದರೆ ಹದ.

ಈ ಹದವನ್ನು ತಂದೆತಾಯಿಗಿಂತ ಮಕ್ಕಳೇ ಚೆನ್ನಾಗಿ ಬಲ್ಲರು. ಬ್ಯಾಡಗಿಯ ದಂಪತಿ ಮಾರ್ಚಿನಲ್ಲಿ ಮತ್ತೆ ಹೊರಟಾಗ, ತಾಯಿ ಗಂಡನ ಕೈಯಿಂದ ಫೋನು ತೆಗೆದುಕೊಂಡು, "ಈ ಸಲ ಖೋಲಿ ನೀನ ನೋಡವಾ" ಎಂದಳು. ಮಗಳು ಒಂದು ಶನಿವಾರ ಮಧ್ಯಾಹ್ನ ಗೆಳತಿಯೊಬ್ಬಳನ್ನು ಜೊತೆ ಮಾಡಿಕೊಂಡು ಸರಸ್ವತಿಪುರಂ ಕಡೆ ಮೂರು ಲಾಡ್ಜುಗಳ ಮೆಟ್ಟಿಲು ಹತ್ತಿ ಇಳಿದಳು. ರಾತ್ರಿ ಫೋನು ಮಾಡಿ ವರದಿ ಒಪ್ಪಿಸಿದಳು: "ಒಂದು ಭಾಳ ತುಟ್ಟಿ ಅಪ್ಪಾ. ಇನ್ನೊಂದ್ರಾಗ ಮ್ಯಾಲಿನ ಖೋಲಿ ಅಷ್ಟ ಖಾಲಿ ಅದಾವು, ಅವ್ವನ ಮೊಣಕಾಲಿಗೆ ಆಗೂದಿಲ್ಲ. ಮೂರನೇದು ಹೇಳೇನಿ. ಕೆಳಗಿನ ಖೋಲಿ, ಕಿಟಕ್ಯಾಗ ಒಂದು ಗಿಡ ಕಾಣತೈತಿ." ಜಾತ್ರೆಯಲ್ಲಿ ತನ್ನ ಬೆರಳು ಹಿಡಿದು ನಡೆದವಳು ತನಗೆ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆಂದು ವಿಚಾರಿಸಿ ಬಂದದ್ದನ್ನು ಅಪ್ಪ ಸುಮ್ಮನೆ ಕೇಳಿಸಿಕೊಂಡ.

ಮಾರ್ಚ್ ಎಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ಭಾನುವಾರ ರಾತ್ರಿ ಹೊರಟು ಸೋಮವಾರದ ಮಾರಾಟಕ್ಕೆ ಮುಟ್ಟಲೇಬೇಕೆಂದು ಅಪ್ಪ ಟಿಕೆಟ್ಟು ಮಾಡಿಸಿದ್ದ. ಚೀಲಗಳನ್ನು ಆಗಲೇ ದಲಾಲಿ ಅಂಗಡಿಗೆ ಸಾಗಿಸಲು ತಮ್ಮನಿಗೆ ಹೇಳಿಟ್ಟಿದ್ದ.

ಶನಿವಾರ ಬೆಳಿಗ್ಗೆ ಮಗಳು ಬಂದಳು. ಈ ಸಲ ಬ್ಯಾಗನ್ನು ಮೂಲೆಗೆಸೆದು ಮಂಚದ ಮೇಲೆ ಕಾಲು ಮಡಿಸಿ ಕುಳಿತಳು. ನಾಲ್ಕು ರೊಟ್ಟಿ ತಿಂದಳು. ತಾಯಿ ತಲೆಗೆ ಎಣ್ಣೆ ಹಚ್ಚುತ್ತಿದ್ದಂತೆಯೇ ತೂಕಡಿಸಿ ಅಲ್ಲೇ ಒರಗಿದವಳು ಮೂರು ತಾಸು ನಿದ್ದೆ ಮಾಡಿದಳು. ಅಪ್ಪ ಫ್ಯಾನಿನ ಕೆಳಗೆ ಪೇಪರು ಓದಿದ. ಮುಗಿದ ಮೇಲೆ ಮತ್ತೊಮ್ಮೆ ಓದಿದ. ಅರಮನೆ, ಮೃಗಾಲಯದ ಮಾತು ಯಾರೂ ಎತ್ತಲಿಲ್ಲ. ರಾತ್ರಿಯೂ ಅವಳು ಅಲ್ಲೇ ಉಳಿದಳು. ಹೆಸರು ಮೂರನೆಯದಾಗಿ ರಿಜಿಸ್ಟರಿನಲ್ಲಿತ್ತು, ಒಪ್ಪಿಗೆಯ ಚೀಟಿ ಹಾಸ್ಟೆಲಿನಲ್ಲಿತ್ತು.

ಮಾತು ಬಂದದ್ದು ಭಾನುವಾರ ಮಧ್ಯಾಹ್ನ, ತಾಯಿ ಡಬ್ಬಿಗಳನ್ನು ತೊಳೆದು ಗಂಟು ಕಟ್ಟುತ್ತಿದ್ದಾಗ. "ಫಸ್ಟ್ ಸೆಮ್ಮಿನಾಗ ಒಂದು ಪೇಪರ್ ಹೋಗೈತಿ ಅಪ್ಪಾ," ಎಂದಳು, ಕಿಟಕಿಯ ಕಡೆ ನೋಡುತ್ತ. ಪಾಠ ಓಡುವ ವೇಗಕ್ಕೆ ತನಗೆ ಅರ್ಧ ತಲೆಗೆ ಹೋಗುತ್ತಿರಲಿಲ್ಲ, ಕೇಳಲು ನಾಚಿಕೆಯಾಯಿತು, ಉಳಿದವರೆಲ್ಲ ಬಲ್ಲವರಂತೆ ಕಂಡರು ಎಂದೆಲ್ಲ ಬಂತು. "ಡಿಸೆಂಬರದಾಗ ನೀವು ಬಂದಾಗ ಹೇಳಬೇಕಂತ ಮಾಡಿದ್ದೆ. ಆ ಖೋಲ್ಯಾಗ ಬಾಯಿ ಬರಲಿಲ್ಲ."

ಅಪ್ಪ ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಆ ಪೇಪರನ್ನು ಮತ್ತೆ ಬರೆಯಬಹುದೇ? ಬರೆಯಬಹುದು ಎಂದಳು. "ಹಂಗಾದ್ರ ಬರಿ. ನಮ್ಮ ಹೊಲದಾಗೇನು ಪ್ರತಿ ವರ್ಷ ಬೆಳಿ ಬಂದೈತೇನು?" ಎಂದು ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ತಾಯಿ, ಮಗಳು ಮುಖಮುಖ ನೋಡಿಕೊಂಡರು. ಹತ್ತು ನಿಮಿಷಕ್ಕೆ ತಿರುಗಿ ಬಂದು, ಟಿಕೆಟ್ಟು ರದ್ದಾಯಿತು, ನಾಳೆ ರಾತ್ರಿ ಹೋಗೋಣ, ಮೆಣಸಿನಕಾಯಿ ಗುರುವಾರವೂ ಮಾರಾಟವಾಗುತ್ತದೆ ಎಂದ. ತಾಯಿ ಕಟ್ಟಿದ್ದ ಗಂಟನ್ನು ಬಿಚ್ಚಿದಳು.

ಗುರುವಾರದ ಧಾರಣೆ ಸೋಮವಾರಕ್ಕಿಂತ ಏರಿತೋ ಇಳಿಯಿತೋ, ಆ ಮನೆಯಲ್ಲಿ ಅದರ ಲೆಕ್ಕ ಹಾಕಿದವರಿಲ್ಲ. ಲಾಡ್ಜಿನ ಒಂದು ದಿನದ ಹೆಚ್ಚಿನ ಬಾಡಿಗೆ ಮಾತ್ರ ಅಪ್ಪನ ಡೈರಿಯಲ್ಲಿ ಗೊಬ್ಬರ, ಕೂಲಿಗಳ ಸಾಲಿನಲ್ಲೇ ಬರೆದಿದೆ.

ಹಾಸ್ಟೆಲಿನಲ್ಲಿರುವ ಮಕ್ಕಳು ಇದನ್ನು ಓದುತ್ತಿದ್ದರೆ, ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ತಮ್ಮ ಊರಿನ ಎರಡು ಮೂರು ಲಾಡ್ಜುಗಳ ಕೋಣೆ ನೋಡಿ ಬರಬಹುದು. ಅಪ್ಪನಿಗೆ ಎಲ್ಲಿ ಚಹ ಸಿಗುತ್ತದೆ, ಅಮ್ಮನಿಗೆ ಎಷ್ಟು ಮೆಟ್ಟಿಲು ಹತ್ತಲಾಗುತ್ತದೆ ಎಂಬುದು ಲಾಡ್ಜಿನವರಿಗಿಂತ ಅವರಿಗೇ ಗೊತ್ತು. ತಂದೆತಾಯಿಗಳು ಬಾಡಿಗೆ, ಬಿಸಿನೀರು, ಗಂಟೆಯ ಲೆಕ್ಕ ಎಲ್ಲ ವಿಚಾರಿಸಿ ಮುಗಿದ ಮೇಲೆ ಕೌಂಟರಿನಲ್ಲಿ ಇನ್ನೊಂದು ಪ್ರಶ್ನೆ ಕೇಳುವುದನ್ನು ಮರೆಯಬಾರದು: ಬೇಕಾದರೆ ಇನ್ನೊಂದು ದಿನ ಇದೇ ಕೋಣೆ ಸಿಗುತ್ತದೆಯೇ?