ದಿಮ್ಮಿ ಮಾರುವವರು, ಹಲಗೆ ಮಾರುವವರು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಲಾರಿಯಿಂದ ಹೊಸ ಯಂತ್ರ ಇಳಿಸುವಾಗ ಎಲ್ಲರ ಕಣ್ಣು ಯಂತ್ರದ ಮೇಲೆ. ನಾವು ಮಾತ್ರ ಅದು ಬಂದ ಕಟ್ಟಿಗೆ ಪೆಟ್ಟಿಗೆ ನೋಡುತ್ತ ನಿಂತೆವು. ತಿಳಿ ಹಳದಿ ಬಣ್ಣ, ಹಗುರ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದು. ನಮ್ಮ ಬೇವಲ್ಲ, ಜಾಲಿಯಲ್ಲ, ಸಾಗವಾನಿಯೂ ಅಲ್ಲ. ಅದು ಪೈನ್.

ಹೊರದೇಶದಿಂದ ಬಂದ ಇಂಥ ಪೆಟ್ಟಿಗೆಯ ಮೇಲೆ ಗೋಧಿ ತೆನೆಯ ಮುದ್ರೆ ಇರುತ್ತದೆ, ನೀವೂ ಒಮ್ಮೆ ನೋಡಿ. ಜೊತೆಗೆ ದೇಶದ ಹೆಸರಿನ ಎರಡಕ್ಷರ. ‘ಎಚ್‌ಟಿ’ ಎಂದಿದ್ದರೆ ಕಟ್ಟಿಗೆಯ ಒಳಗಿನವರೆಗೂ 56 ಡಿಗ್ರಿ ಶಾಖ ಮುಟ್ಟಿಸಿ, 30 ನಿಮಿಷ ಇಟ್ಟು ಹುಳ ಸಾಯಿಸಿದ್ದಾರೆ ಎಂದರ್ಥ. ಆದರೆ ಆ ಎರಡಕ್ಷರ ಶಾಖ ಕೊಟ್ಟ ದೇಶದ್ದು, ಮರ ಬೆಳೆದ ದೇಶದ್ದಲ್ಲ. ಚೀನಾದ ಮುದ್ರೆ ಇರುವ ಹಲಗೆ ನ್ಯೂಜಿಲೆಂಡಿನ ಗುಡ್ಡದಲ್ಲಿ ಬೆಳೆದದ್ದಿರಬಹುದು.

ನ್ಯೂಜಿಲೆಂಡಿನಲ್ಲಿ ಪೈನ್ ಎಂದರೆ ಹೊಲದ ಬೆಳೆ ಇದ್ದಂತೆ. ಮೂಲತಃ ಅಮೆರಿಕದ ಕ್ಯಾಲಿಫೋರ್ನಿಯಾದ ಮರ. ನೆಟ್ಟು, 25–30 ವರ್ಷಕ್ಕೆ ಕಡಿಯುತ್ತಾರೆ. ಕಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮರ ಕೊಯ್ಯದೆ ದಿಮ್ಮಿಯಾಗಿಯೇ ಹಡಗು ಹತ್ತುತ್ತದೆ, ಬಹುಪಾಲು ಚೀನಾಕ್ಕೆ. ನಮ್ಮ ಗುಜರಾತಿನ ಕಾಂಡ್ಲಾ ಬಂದರಿಗೂ ಬಂದು ಇಳಿದು, ಪಕ್ಕದ ಗಾಂಧಿಧಾಮದ ಸಾ ಮಿಲ್‌ಗಳಲ್ಲಿ ಹಲಗೆಯಾಗಿದೆ. ಅಂದರೆ ಮರ ಒಂದು ದೇಶದ್ದು, ಕೊಯ್ಯುವ ಕೂಲಿ ಇನ್ನೊಂದು ದೇಶದ ಕೈಗೆ. ಇದನ್ನು ಕಂಡೇ ರಷ್ಯಾ 2022ರ ಜನವರಿಯಿಂದ ಕೊಯ್ಯದ ಪೈನ್ ಜಾತಿಯ ದಿಮ್ಮಿ ಹೊರಗೆ ಕಳಿಸುವುದನ್ನು ನಿಷೇಧಿಸಿತು. ಸ್ವೀಡನ್, ಫಿನ್ಲೆಂಡ್ ತಮ್ಮ ಮರವನ್ನು ಹಲಗೆ, ಕಾಗದ ಮಾಡಿಯೇ ಮಾರುತ್ತವೆ.

ಹಾಗಾದರೆ ಹಲಗೆ ಮಾಡಿ ಮಾರಿದವರೆಲ್ಲ ಗೆದ್ದರೇ? ಕೆನಡಾ ನೋಡಿ. ಅಲ್ಲಿ ಮಿಲ್ಲಿಗೆ ಕೊರತೆಯಿಲ್ಲ, ಹಲಗೆ ಕೊಯ್ದೇ ಮಾರುತ್ತಾರೆ. ಆದರೆ ದೊಡ್ಡ ಗಿರಾಕಿ ಒಬ್ಬನೇ, ಅಮೆರಿಕ. 1980ರ ದಶಕದಿಂದ ಎರಡೂ ದೇಶಗಳ ನಡುವೆ ಈ ಹಲಗೆಯ ಜಗಳ ನಡೆದೇ ಇದೆ. ಅಮೆರಿಕ ಸುಂಕ ಏರಿಸಿದಾಗ ಕೆನಡಾದ ಮಿಲ್ಲುಗಳು ನಡುಗುತ್ತವೆ, ಕೆಲವು ಬಾಗಿಲು ಹಾಕುತ್ತವೆ.

ಇದನ್ನೆಲ್ಲ ಓದುವಾಗ ನಮಗೆ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳೇ ಕಣ್ಣಿಗೆ ಬಂದವು. ನಮ್ಮ ರೈತರು ಹಸಿ ದ್ರಾಕ್ಷಿಯನ್ನಷ್ಟೇ ಮಾರುವವರಲ್ಲ. ಸುಮಾರು 4 ಕಿಲೋ ಹಣ್ಣು ಶೆಡ್ಡಿನಲ್ಲಿ ಒಣಗಿಸಿ 1 ಕಿಲೋ ಒಣದ್ರಾಕ್ಷಿ ಮಾಡುತ್ತಾರೆ. ದಿಮ್ಮಿಯನ್ನು ಹಲಗೆ ಮಾಡುವ ಕೆಲಸ ನಮ್ಮಲ್ಲಿ ಆಗಲೇ ಆಗಿದೆ. ಹಾಗಿದ್ದೂ ಬೆಲೆ ಬಿದ್ದ ವರ್ಷ ಮನೆಮನೆಯಲ್ಲೂ ಸಾಲದ ಮಾತು. ಯಾಕೆ? ನಮ್ಮ ಕಷ್ಟ ನ್ಯೂಜಿಲೆಂಡಿನದಲ್ಲ, ಕೆನಡಾದ್ದು. ವಿಜಯಪುರದ ಎಪಿಎಂಸಿಯಲ್ಲಿ ವ್ಯಾಪಾರ ಇದ್ದರೂ ಬಹಳಷ್ಟು ಮಾಲು ಗಡಿ ದಾಟಿ ತಾಸಗಾಂವ್, ಸಾಂಗ್ಲಿಗೆ ಹೋಗುತ್ತದೆ. ಹೋದ ಮಾಲನ್ನು ವಾಪಸು ತರಲಾಗದು, ಅಲ್ಲಿ ಕೂಗಿದ್ದೇ ಬೆಲೆ.

ಒಣಗಿಸುವುದು ಅರ್ಧ ದಾರಿ. ಇನ್ನರ್ಧ ದಾರಿ, ಎರಡನೆಯ ಗಿರಾಕಿ ಇರುವುದು ಮತ್ತು ಅವನು ಬರುವ ತನಕ ಮಾಲು ಇಡಲು ಹತ್ತಿರದಲ್ಲೇ ಕೋಲ್ಡ್ ಸ್ಟೋರೇಜ್ ಇರುವುದು. ಮುಂದಿನ ಸಲ ಓಟು ಕೇಳಲು ಬಂದವರಿಗೆ, ಸಂಘದ ಸಭೆಯಲ್ಲಿ ಕೂತವರಿಗೆ ನಾವು ನೀವು ಕೇಳಬೇಕಾದದ್ದು ಇದನ್ನೇ.