ಖೋಖೋ ಕಂಬದ ಹಂತ್ಯಾಕ ನಾನು, ನನ್ನ ಕ್ಯಾಮೆರಾ

ಮೊನ್ನೆ ನಮ್ಮ ವೈನಿ ಫೋನ್ ಮಾಡಿ, "ಮಗಳು ಹಾರೋ ಫೋಟೊ ಸ್ಟೇಟಸ್‌ಗೆ ಹಾಕೀಯಲ್ಲ, ಎಷ್ಟು ಕೊಟ್ಟು ತಗಸಿದಿ?" ಅಂತ ಕೇಳಿದ್ರು. ನಾನ ತಗದದ್ದು ಅಂದ್ರ ನಂಬವಲ್ರು. ಓಣ್ಯಾಗಿನ ನಾಕು ಮಂದಿನೂ ಇದನ್ನ ಕೇಳ್ಯಾರ. ಅದಕ್ಕ ಒಮ್ಮೆ ಎಲ್ಲಾ ಬರದ ಬಿಡ್ತೀನಿ.

ಕ್ಯಾಮೆರಾ ಹೊಸಾದೇನಲ್ಲ. ಮಗಳು ಸಣ್ಣಾಕಿ ಇದ್ದಾಗ ನಮ್ಮನಿಯವರು ತಗೊಂಡಿದ್ದು. ಎರಡು ಹುಟ್ಟಿದಹಬ್ಬ, ಒಂದು ಮುಂಜಿವಿ ಆದ ಮ್ಯಾಲೆ ಟ್ರೆಝರಿಯೊಳಗ ರೇಷ್ಮಿ ಸೀರಿ ಬಾಜೂಕ ಮಲಗಿಬಿಟ್ಟಿತ್ತು. ಅದರ ಜೋಡಿ ಬಂದ 18–55ರ ಲೆನ್ಸ್ ಒಂದ ನಮ್ಮ ಆಸ್ತಿ. ಮಗಳು ಈಗ ಒಂಬತ್ತನೇತ್ತಾ, ಸಾಲಿ ಖೋಖೋ ಟೀಮಿನಾಗ ಇದ್ದಾಳ. ಮುಂದಿನ ವರ್ಷ ಹತ್ತನೇತ್ತಾ, "ಇನ್ನ ಆಟ ಸಾಕು" ಅನ್ನೋ ಮಾತು ಮನ್ಯಾಗ ಈಗ ಶುರು ಆಗ್ಯದ. ಆಡಿದಷ್ಟು ದಿನದ್ದರೆ ಫೋಟೊ ಇರಲಿ ಅಂತ ನಾ ಕ್ಯಾಮೆರಾ ಹೊರಗ ತಗದೆ.

ಮದಲನೇ ದಿನ ಇನ್ನೂರು ಫೋಟೊ ತಗದಿರಬೇಕು. ಬೆನ್ನು, ಜಡಿ, ಧೂಳು. ಒಂದರಾಗೂ ಮುಖ ಇಲ್ಲ. ನಮ್ಮತ್ತಿಯವರು ಚಾಳೀಸು ಏರಿಸಿ ನೋಡಿ, "ಆಡಿದ್ದು ಹುಡುಗ್ಯಾರೋ ದೆವ್ವಗಳೋ?" ಅಂದ್ರು.

ತಪ್ಪು ನಂದ. ಆಟೋಮ್ಯಾಟಿಕ್‌ನಾಗ ಇಟ್ಟಿದ್ದೆ. ಸಂಜಿ ಬೆಳಕು ಕಡಿಮಿ ಇದ್ರ ಕ್ಯಾಮೆರಾ ತನ್ನ ಕಣ್ಣು ಹೆಚ್ಚು ಹೊತ್ತು ತಗದ ಇಡ್ತದ. ಅಷ್ಟರಾಗ ಓಡಾಕಿ ನಾಕು ಬೆರಳು ಮುಂದ ಸರದಿರ್ತಾಳ. ಅಷ್ಟು ಸಾಕು, ಮುಖ ಕಲಸಿದ ಹಿಟ್ಟಿನಂಗ ಆಗ್ಲಿಕ್ಕೆ. ನಮ್ಮ ಕ್ಯಾಮೆರಾದ ಚಕ್ರದ ಮ್ಯಾಲೆ 'ಟಿವಿ' ಅಂತ ಬರದದ. ಟಿವಿಗೆ ಹಚ್ಚಿ ನೋಡ್ಲಿಕ್ಕೆ ಅಂತ ಇಷ್ಟು ವರ್ಷ ನಾ ತಿಳ್ಕೊಂಡಿದ್ದೆ. ಅದು ಟೈಮಿಂದಂತ! ಕೆಲವು ಕ್ಯಾಮೆರಾದಾಗ ಅದಕ್ಕ ಬರೇ 'ಎಸ್' ಅಂತ ಇರ್ತದ. ಅಲ್ಲಿಗೆ ತಿರುವಿ 1/500 ಇಟ್ರ ಓಡೋರು ನಿಲ್ತಾರ, ಹಾರೋರಿಗೆ 1/1000 ಬೇಕು. ಬೆಳಕು ಸಾಲದಿದ್ರ ಐಎಸ್ಒ 800, 1600 ತನಕಾ ಏರಸ್ರಿ. ಫೋಟೊದ ಮ್ಯಾಲೆ ರವಾ ಚೆಲ್ಲಿದಂಗ ಕಾಣ್ತದ, ಖರೆ. ಕಾಣವಲ್ದ್ಯಾಕ, ಮುಖ ಅಲಗ್ಯಾಡಬಾರದು. ಒಮ್ಮೆ ಒತ್ತಿ ಹಿಡದ್ರ ಸಾಲಾಗಿ ಮೂರ್ನಾಕು ಫೋಟೊ ಬರೋ ಹಂಗ ಇಟ್ಕೋರಿ. ಫ್ಲ್ಯಾಷ್ ಮಾತ್ರ ಬ್ಯಾಡ, ಆಡೋರ ಕಣ್ಣಿಗೆ ಬಡೀತದ.

ಇಷ್ಟು ಕಲತ ಮ್ಯಾಲೆ ತಾಲೂಕು ಮ್ಯಾಚಿನಾಗ ನಂದೊಂದು ಚೊಕ್ಕ ಫೋಟೊ ಬಂತು. ಮಗಳು ಔಟ್ ಆಗಿದ್ದು. ಬೆನ್ನಿಗೆ ಎದುರಿನ ಟೀಮಿನಾಕಿ ಕೈ, ಇಕಿ ಕಣ್ಣು ಮುಚ್ಚಿ ಬಾಯಿ ತಗದು ಬೀಳ್ಲಿಕತ್ತಾಳ. ಧೂಳಿನ ಕಣಾ ಸುದ್ದಾ ಎಣಸಬಹುದು. ನಾ ಹಿಗ್ಗಿ ಹೀರಿಕಾಯಿ ಆಗಿ, ಮನಿಗೆ ಬಂದ ಕೂಡ್ಲೆ ಮನಿ ಗ್ರೂಪಿಗೆ ಹಾಕಿದೆ. ಮಾಮಾ, ಕಾಕಾ, ಎಲ್ಲಾರೂ ನಗೋ ಗೊಂಬಿ ಕಳಿಸಿದ್ದ ಕಳಿಸಿದ್ದು.

ರಾತ್ರಿ ಮಗಳು ಊಟಕ್ಕ ಏಳಲಿಲ್ಲ. ಮ್ಯಾಚ್ ಸೋತಿದ್ರು ಅಂತ ತಿಳ್ಕೊಂಡೆ. ಆಮ್ಯಾಲೆ ಅಂದ್ಲು, "ಅಮ್ಮಾ, ಎರಡು ನಿಮಿಷದ ಮ್ಯಾಲೆ ನಾ ಯಾರ ಕೈಗೂ ಸಿಗದ ಓಡೀನಿ. ನಿನ್ನ ಕ್ಯಾಮೆರಾಕ್ಕ ನಾ ಸಿಕ್ಕಿದ್ದಷ್ಟ ಸಿಕ್ಕತೇನು?"

ನನಗ ಮಾತ ಹೊರಡಲಿಲ್ಲ. ಫೋಟೊ ಡಿಲೀಟ್ ಮಾಡಿದೆ. ನೋಡಿ ನಕ್ಕವರ ತಲ್ಯಾಗಿಂದ ಹ್ಯಾಂಗ ಡಿಲೀಟ್ ಮಾಡೋದು? ಎರಡು ದಿನ ಆಕಿ ನನ್ನ ಜೋಡಿ ಮಾತಾಡಲಿಲ್ಲ.

ಮೂರನೇ ದಿನ ನಾ ಶೇಂಗಾ ಆರಸ್ಲಿಕತ್ತಿದ್ದೆ. ತಾನಾಗಿ ಬಂದು ಕೂತು ಪರಾತದಾಗ ಎಂಟು ಶೇಂಗಾ ಸಾಲಾಗಿ ಇಟ್ಲು. "ನೋಡಿಲ್ಲೆ. ಎಂಟು ಮಂದಿ ಕೂತಿರ್ತಾರ, ಒಬ್ಬಾಕಿ ಮುಖ ಆ ಕಡೆ, ಇನ್ನೊಬ್ಬಾಕಿದು ಈ ಕಡೆ. ಒಂಬತ್ತನೇದಾಕಿ ಬೆನ್ನು ಹತ್ತಾಕಿ. ಆಕಿ ನಡುವಿನ ಪಟ್ಟಿ ದಾಟೋ ಹಂಗಿಲ್ಲ, ಅರ್ಧಾದಾಗ ಹಿಂದ ತಿರಗೋ ಹಂಗಿಲ್ಲ. ಒಂದೋ ಕೂತಾಕಿಗೆ ಖೋ ಕೊಡಬೇಕು, ಇಲ್ಲಾ ಕಂಬ ಸುತ್ತಬೇಕು. ನೀ ಯಾಕ ನಮ್ಮ ಹಿಂದಿಂದ ಕ್ಯಾಮೆರಾ ತಿರಗಸ್ತಿ? ಕಂಬಕ್ಕ ಬಂದ ಬರ್ತೀವಿ. ಅಲ್ಲೆ ಕೂಡು."

ಏಳನೇತ್ತಾ ತನಕಾ ನಾನೂ ಖೋಖೋ ಆಡಿದಾಕಿನ. ಆದ್ರೂ ಕಂಬ ಮರತು ಹೋಗಿತ್ತು ನೋಡ್ರಿ.

ಮುಂದಿನ ಮ್ಯಾಚಿಗೆ ಚಾಪಿ ಒಯ್ದೆ. ಲಾಬಿ ಗೆರಿ ಹೊರಗ, ಕಂಬದಿಂದ ನಾಕೈದು ಮೀಟರ್ ದೂರ, ಸೂರ್ಯಾಗ ಬೆನ್ನು ಮಾಡಿ ನೆಲಕ್ಕ ಕೂತೆ. ಕ್ರಿಕೆಟ್‌ಗಾದ್ರ ದೊಡ್ಡ ಲೆನ್ಸ್ ಬೇಕು. ಖೋಖೋದಾಗ ಆಟನ ನಮ್ಮ ಹಂತ್ಯಾಕ ಬರ್ತದ, 55 ಸಾಕು. ಕೆಳಗ ಕೂತ್ರ ಹಿಂದಿನ ಸ್ಕೂಟರು, ನೀರಿನ ಡ್ರಮ್ಮು ಮರೀಗೆ ಹೋಗಿ ಆಕಾಶ ಬರ್ತದ, ಹಾರಿದಾಕಿ ಇನ್ನಷ್ಟು ಎತ್ತರ ಕಾಣ್ತಾಳ. ಕಂಬಕ್ಕ ಮದಲ ಫೋಕಸ್ ಮಾಡಿ, ಲೆನ್ಸಿನ ಬಾಜೂದ ಸಣ್ಣ ಗುಂಡಿ ಮ್ಯಾನ್ಯುಯಲ್‌ಗೆ ಸರಸಿಬಿಟ್ರ ಫೋಕಸ್ ಅಲ್ಲೆ ನಿಲ್ತದ. ಆಮ್ಯಾಲೆ ಹಾಲು ಕಾದಂಗ ಕಾಯಬೇಕು. ಉಕ್ಕಿದ ಮ್ಯಾಲೆ ಗ್ಯಾಸ್ ಆರಿಸಿ ಏನು ಉಪಯೋಗ? ಹಾರಿದ್ದು ಕಂಡ ಮ್ಯಾಲೆ ಒತ್ತಿದ್ರೂ ಹಂಗ. ಕಾಲು ನೆಲಾ ಬಿಡೋ ಹೊತ್ತಿಗೆ ಒತ್ತಬೇಕು.

ಅವತ್ತು ನೂರಾ ಎಂಬತ್ತರಾಗ ಒಂದು ಸಿಕ್ತು. ಒಂದು ಕೈ ಕಂಬಕ್ಕ, ಮೈಯೆಲ್ಲಾ ಗಾಳ್ಯಾಗ, ಕಣ್ಣು ಮುಂದಿನಾಕಿ ಮ್ಯಾಲೆ. ವೈನಿ ಕೇಳಿದ್ದು ಅದನ್ನ. ಮದಲ ಮಗಳಿಗೆ ತೋರಿಸಿದೆ. ಆಕಿ "ಹೂಂ" ಅಂದ ಮ್ಯಾಲೆ ಸ್ಟೇಟಸ್‌ಗೆ ಹೋತು. ಬ್ಯಾರೆ ಹುಡುಗ್ಯಾರ ಫೋಟೊನೂ ಈಗ ಅವರು, ಅವರ ತಾಯಂದ್ರು ಹೂಂ ಅಂದ್ರಷ್ಟ ಹೊರಗ ಬೀಳ್ತಾವ.

2025ರ ಜನವರಿಯೊಳಗ ದಿಲ್ಲ್ಯಾಗ ಮದಲನೇ ಖೋಖೋ ವಿಶ್ವಕಪ್ ಆತಲ್ಲ, ನಮ್ಮ ಹೆಣ್ಣುಮಕ್ಕಳು ಫೈನಲ್‌ನಾಗ ನೇಪಾಳಕ್ಕ 78–40 ಹೊಡದು ಗೆದ್ರು. ಆ ಟೀಮಿನಾಗ ಮೈಸೂರು ಕಡಿ ಕುರುಬೂರಿನ ಚೈತ್ರಾನೂ ಇದ್ಲು. ಆ ಟೀಮಿನ ಪೇಪರ್ ಫೋಟೊ ಮಗಳ ಕಪಾಟಿನ ಮ್ಯಾಲೆ ಅದ. ಈಗ ಅದರ ಬಾಜೂಕ ತಂದೂ ಅಂಟಿಸ್ಯಾಳ.

ನಂದು ಒಂದೂ ಇಲ್ಲ. ನಾನೂ ಆಡ್ತಿದ್ದೆ ಅನ್ನಲಿಕ್ಕೆ ಮೊಣಕಾಲಿನ ಕಲಿ ಒಂದ ಸಾಕ್ಷಿ.

ಹತ್ತನೇತ್ತಾದ ಮಾತು ಇನ್ನೂ ಮುಗದಿಲ್ಲ. ಆದ್ರ ನಮ್ಮನಿಯವರು ಆ ಫೋಟೊದ ಮುಂದ ಭಾಳ ಹೊತ್ತು ನಿಂತು, "ಇಷ್ಟು ಹಾರ್ತಾಳೇನು ಇಕಿ?" ಅಂದ್ರು. ಬರೋ ಶನಿವಾರ ಮ್ಯಾಚಿಗೆ ತಾವೂ ಬರ್ತಾರಂತ. ನೀವೂ ಬರ್ರಿ, ನಿಮ್ಮ ಹುಡುಗ್ಯಾರದೂ ತಗದು ಕೊಡ್ತೀನಿ. ಚಾಪಿ ಮಾತ್ರ ನಿಮ್ಮದು ನೀವ ತರ್ರಿ.