ಪೈಲ್ವಾನ ಡಾಕ್ಟರು

ಜಾನ್ ಜೆ. ಬೊನಿಕಾ ಹುಟ್ಟಿದ್ದು 1917ರ ಫೆಬ್ರುವರಿ 16ರಂದು, ಇಟಲಿಯ ಸಿಸಿಲಿಗೆ ಉತ್ತರದಲ್ಲಿರುವ ಫಿಲಿಕುಡಿ ಎಂಬ ಪುಟ್ಟ ದ್ವೀಪದಲ್ಲಿ. ಸಮುದ್ರದ ನಡುವೆ ಎದ್ದು ನಿಂತ ಜ್ವಾಲಾಮುಖಿಯ ಗುಡ್ಡ ಅದು. ಗುಡ್ಡದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲಿನ ಒಡ್ಡು ಕಟ್ಟಿ, ಜನ ದ್ರಾಕ್ಷಿ ಬೆಳೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಹೇನು ಬಳ್ಳಿಯ ಬೇರಿಗೆ ಬಿದ್ದು ಆ ಸುತ್ತಿನ ದ್ವೀಪಗಳ ತೋಟಗಳೆಲ್ಲ ಹಾಳಾದವು. ಅಲ್ಲಿಂದಾಚೆಗೆ ಅವರ ಬದುಕೆಂದರೆ ಹಡಗು ಹತ್ತುವುದು. ಕೆಲವರು ಆಸ್ಟ್ರೇಲಿಯಾಕ್ಕೆ ಹೋದರು, ಹಲವರು ಅಮೆರಿಕಕ್ಕೆ.

ಬೊನಿಕಾ ಕುಟುಂಬ ಹೊರಟಿದ್ದು ಸ್ವಲ್ಪ ತಡವಾಗಿ. 1924ರ ಕಾನೂನಿನಿಂದ ಅಮೆರಿಕ ತನ್ನ ಬಾಗಿಲನ್ನು ಬಹುಪಾಲು ಮುಚ್ಚಿಯಾಗಿತ್ತು. ಇಡೀ ಇಟಲಿಗೆ ಸಿಗುತ್ತಿದ್ದ ಪಾಲು ವರ್ಷಕ್ಕೆ ನಾಲ್ಕು ಸಾವಿರ ಜನಕ್ಕೂ ಕಡಿಮೆ. ಆ ಕಿಂಡಿಯಲ್ಲೇ ತೂರಿ, 1927ರಲ್ಲಿ ಕುಟುಂಬ ನ್ಯೂಯಾರ್ಕಿನ ಬ್ರೂಕ್ಲಿನ್ ಸೇರಿತು. ಹುಡುಗನಿಗೆ ಆಗ ಹತ್ತು ವರ್ಷ. ಭಾಷೆ ಬಾಯಿಗೆ ಕೂರುವ ಹೊತ್ತಿಗೆ, 1932ರಲ್ಲಿ, ತಂದೆ ತೀರಿಕೊಂಡರು. ದೇಶಕ್ಕೆ ದೇಶವೇ ಕೆಲಸವಿಲ್ಲದೆ ಕೂತಿದ್ದ ಕಾಲ. ಹದಿನೈದರ ಹುಡುಗ ಮನೆಯ ಯಜಮಾನನಾದ. ಬೂಟ್ ಪಾಲಿಶ್ ಮಾಡಿದ, ಪೇಪರ್ ಮಾರಿದ, ಹಣ್ಣು ತರಕಾರಿ ಮಾರಿದ. ಶಾಲೆ ಮಾತ್ರ ಬಿಡಲಿಲ್ಲ.

ಶಾಲೆಯಲ್ಲೇ ಅವನಿಗೆ ಕುಸ್ತಿ ಹತ್ತಿತು. ಕಾಲೇಜಿನ ಫೀಸು ಕಟ್ಟಲು ಅದನ್ನೇ ದಂಧೆ ಮಾಡಿಕೊಂಡ. ಲಾಂಗ್ ಐಲೆಂಡ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದ ಮೇಲೂ ಕಣ ಬಿಡಲಿಲ್ಲ. ಡಾಕ್ಟರಾಗಬೇಕಾದವನು ಜಾತ್ರೆಯಲ್ಲಿ ಮೈಗೆ ಮೈ ತಿಕ್ಕುವುದು ಕಾಲೇಜಿನವರಿಗೆ ಹಿಡಿಸುವ ಸಂಗತಿಯಲ್ಲ. ಹಾಗಾಗಿ ‘ಜಾನಿ ಬುಲ್ ವಾಕರ್’ ಎಂಬ ಹೆಸರು ಬಂತು. ಮುಖಕ್ಕೆ ಮುಸುಕು ಬಿಗಿದ ಮೇಲೆ ‘ಮಾಸ್ಕ್‌ಡ್ ಮಾರ್ವೆಲ್’ ಎಂಬ ಇನ್ನೊಂದು. ರಜೆಯಲ್ಲಿ ಸರ್ಕಸ್ಸಿನ ಜೊತೆ ಊರೂರು ತಿರುಗಿ, ಬಂದವರೊಂದಿಗೆ ಸೆಣಸಿದ್ದುಂಟು. 1941ರಲ್ಲಿ ಲೈಟ್ ಹೆವಿವೇಟ್ ವಿಭಾಗದ ವಿಶ್ವ ಚಾಂಪಿಯನ್ ಪಟ್ಟವೂ ಕೆಲವು ತಿಂಗಳು ಇವರ ಬಳಿ ಇತ್ತು. ಮರುವರ್ಷ ಕೈಗೆ ಎಂ.ಡಿ. ಪದವಿ ಬಂತು, ಮದುವೆಯೂ ಆಯಿತು. ಹುಡುಗಿ ಎಮ್ಮಾ ಬಾಲ್ಡೆಟ್ಟಿ.

ಕುಸ್ತಿ ಅವರ ಮೈಮೇಲೆ ಬಿಟ್ಟುಹೋದ ಗುರುತುಗಳಲ್ಲಿ ಎಲ್ಲರಿಗೂ ಕಾಣುತ್ತಿದ್ದದ್ದು ಕಿವಿ. ನಮ್ಮ ಗರಡಿಯ ಹಳೆಯ ಪೈಲ್ವಾನರನ್ನು ನೋಡಿದವರಿಗೆ ಅದು ಗೊತ್ತು. ಪಟ್ಟಿನಲ್ಲಿ ಸಿಕ್ಕ ಕಿವಿ ಮತ್ತೆ ಮತ್ತೆ ಉಜ್ಜಿ, ಚರ್ಮಕ್ಕೂ ಒಳಗಿನ ಮೆತ್ತನೆಯ ಎಲುಬಿಗೂ ನಡುವೆ ರಕ್ತ ತುಂಬುತ್ತದೆ. ಆ ಎಲುಬಿಗೆ ಸ್ವಂತ ರಕ್ತನಾಳವಿಲ್ಲ, ಅದರ ಪೋಷಣೆಯೆಲ್ಲ ಚರ್ಮದ ಕಡೆಯಿಂದಲೇ ಬರಬೇಕು. ಸಂಪರ್ಕ ಕಡಿದಾಗ ಅದು ಸಾಯುತ್ತದೆ, ಗಂಟುಗಂಟಾಗಿ ಗಟ್ಟಿಯಾಗಿ ಹೂಕೋಸಿನ ಹಾಗೆ ನಿಲ್ಲುತ್ತದೆ. ಕಿವಿ ಹೋದರೆ ಹೋಯಿತು, ಅದು ಲೆಕ್ಕಕ್ಕಿಲ್ಲ. ಸೊಂಟ, ಭುಜ, ಬೆನ್ನು ತಮ್ಮ ಬಾಕಿಯನ್ನು ನಂತರ ವಸೂಲು ಮಾಡಿದವು.

ಬೊನಿಕಾ ಅರಿವಳಿಕೆಯನ್ನು ಆರಿಸಿಕೊಂಡ ಬಗ್ಗೆ ಸಾಮಾನ್ಯವಾಗಿ ಹೇಳುವ ಪ್ರಸಂಗ ಹೆರಿಗೆಯದು. 1943ರಲ್ಲಿ ಎಮ್ಮಾಗೆ ಚೊಚ್ಚಲ ಹೆರಿಗೆ. ಹೆರಿಗೆ ಕೋಣೆಯಲ್ಲಿ ಈಥರ್ ಕೊಡುತ್ತಿದ್ದವನು ಇನ್ನೂ ಕಲಿಯುತ್ತಿದ್ದ ಎಳೆಯ ಡಾಕ್ಟರು. ಮಂಪರಿನಲ್ಲಿ ಎಮ್ಮಾ ವಾಂತಿ ಮಾಡಿಕೊಂಡರು, ವಾಂತಿ ಉಸಿರಿನ ದಾರಿಗೆ ಅಡ್ಡ ಬಂತು, ಮೈ ನೀಲಿಗಟ್ಟಿತು. ಪಕ್ಕದಲ್ಲಿದ್ದ ಗಂಡ ಆ ಎಳೆಯನನ್ನು ಸರಿಸಿ ಗಂಟಲು ತೆರವು ಮಾಡಿದರು. ತಾಯಿ ಮಗು ಇಬ್ಬರೂ ಉಳಿದರು. ಹೆರಿಗೆ ಬೇನೆಗೆ ಪೂರ್ತಿ ಮತ್ತು ಬರಿಸದೆ, ಬೆನ್ನುಹುರಿಯ ಹೊದಿಕೆಯ ಹೊರಗೆ ಔಷಧ ಬಿಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸುವ ಎಪಿಡ್ಯೂರಲ್ ಪದ್ಧತಿಯನ್ನು ಅವರು ಮುಂದೆ ಬೆಳೆಸಿದರು, 1960ರ ದಶಕದಲ್ಲಿ ಹೆರಿಗೆಯ ಅರಿವಳಿಕೆಯ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದರು. ಕಥೆ ನಿಜ, ಕೇಳಲೂ ಚೆನ್ನ. ಆದರೆ ಅವರನ್ನು ‘ನೋವಿನ ಡಾಕ್ಟರು’ ಮಾಡಿದ್ದು ಹೆರಿಗೆ ಕೋಣೆಯಲ್ಲ, ಮಿಲಿಟರಿ ಆಸ್ಪತ್ರೆ.

1944ರಲ್ಲಿ ವಾಷಿಂಗ್ಟನ್ ರಾಜ್ಯದ ಫೋರ್ಟ್ ಲೂಯಿಸ್‌ನಲ್ಲಿದ್ದ ಮ್ಯಾಡಿಗನ್ ಸೇನಾ ಆಸ್ಪತ್ರೆಯ ಅರಿವಳಿಕೆ ವಿಭಾಗ ಅವರ ಕೈಗೆ ಬಂತು. ವಯಸ್ಸು ಇಪ್ಪತ್ತೇಳು. ಯುದ್ಧಭೂಮಿಯಿಂದ ಹಡಗುಗಟ್ಟಲೆ ಗಾಯಾಳುಗಳು ಬರುತ್ತಿದ್ದರು. ಗಾಯ ಮಾಯ್ದವರು, ಎಲುಬು ಕೂಡಿದವರು, ಎಕ್ಸ್‌ರೇಯಲ್ಲಿ ಏನೂ ಕಾಣದವರು. ಆದರೂ ರಾತ್ರಿಯೆಲ್ಲ ಹಲ್ಲು ಕಚ್ಚಿ ಕೂರುವವರು. ಕತ್ತರಿಸಿ ತೆಗೆದ ಕಾಲಿನ ಹೆಬ್ಬೆರಳು ಸೆಳೆಯುತ್ತದೆ ಎನ್ನುವವರು. ಗುಂಡು ನರವನ್ನು ಸವರಿಕೊಂಡು ಹೋಗಿ, ಅಂಗೈ ಕೆಂಡದಂತೆ ಉರಿಯುತ್ತದೆ, ಗಾಳಿ ಸೋಕಿದರೂ ತಾಳಲಾರೆ ಎನ್ನುವವರು. ಈ ಕೊನೆಯ ಉರಿಗೆ ಕಾಸಾಲ್ಜಿಯಾ ಎಂಬ ಹೆಸರಿತ್ತು, ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿದ ವೀರ್ ಮಿಚೆಲ್ ಕೊಟ್ಟದ್ದು. ಹೆಸರು ಹಳತು, ಔಷಧ ಮಾತ್ರ ಬಂದಿರಲಿಲ್ಲ.

ವೈದ್ಯಶಾಸ್ತ್ರ ಅಂದಿನವರೆಗೆ ನೋವನ್ನು ಕಂಡದ್ದು ಕರೆಗಂಟೆಯ ಹಾಗೆ. ಗಂಟೆ ಬಾರಿಸಿದವರು ಯಾರೆಂದು ಪತ್ತೆಯಾದರೆ ಗಂಟೆಯ ಕೆಲಸ ಮುಗಿಯಿತು. ಬಾಗಿಲಲ್ಲಿ ಯಾರೂ ಇಲ್ಲದೆ ಗಂಟೆ ಹೊಡೆದುಕೊಳ್ಳುತ್ತಲೇ ಇದ್ದರೆ? ಒಂದೋ ರೋಗಿ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಅವನ ತಲೆ ಕೆಟ್ಟಿದೆ. ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಷ್ 1930ರ ದಶಕದಲ್ಲೇ ನೋವೇ ಒಂದು ಕಾಯಿಲೆಯಾಗಬಲ್ಲದು ಎಂದು ವಾದಿಸಿದ್ದರು, ಕೇಳಿದವರು ಕಡಿಮೆ. ಬೊನಿಕಾ ಪಠ್ಯಪುಸ್ತಕಗಳನ್ನು ಜಾಲಾಡಿದರು. ಹದಿನಾಲ್ಕು ಸಾವಿರ ಪುಟ ತಿರುವಿದರೆ ನೋವಿನ ಬಗ್ಗೆ ಸಿಕ್ಕದ್ದು ಹದಿನೇಳೂವರೆ ಪುಟ ಎಂದು ಅವರು ಹೇಳುತ್ತಿದ್ದರಂತೆ.

ಅವರ ಕೈಯಲ್ಲಿದ್ದ ಹತ್ಯಾರು ಸೂಜಿ. ಅಂಗೈ ಉರಿಯ ಸೈನಿಕನಿಗೆ ಆ ಸೂಜಿ ಹೋಗುವುದು ಕೈಗಲ್ಲ, ಕುತ್ತಿಗೆಗೆ. ಶ್ವಾಸನಾಳದ ಪಕ್ಕ, ಬೆರಳಿನಿಂದ ದೊಡ್ಡ ರಕ್ತನಾಳವನ್ನು ಬದಿಗೊತ್ತಿ, ಬೆನ್ನೆಲುಬಿನ ಮುಂಭಾಗ ತಾಗುವವರೆಗೆ ಸೂಜಿ ಇಳಿಸಬೇಕು. ಅಲ್ಲಿ ಆ ಬದಿಯ ಕೈಗೆ ಸಂಬಂಧಿಸಿದ, ನಕ್ಷತ್ರದಾಕಾರದ ಒಂದು ನರಗಂಟು ಇದೆ. ಅದರ ಸುತ್ತ ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧ ಬಿಟ್ಟು ಕಾಯಬೇಕು. ಗುರಿ ತಪ್ಪದಿದ್ದರೆ ಕೆಲವೇ ನಿಮಿಷಗಳಲ್ಲಿ ಆ ಬದಿಯ ಕಣ್ಣುರೆಪ್ಪೆ ಜೋಲುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಬೆವೆತು ತಣ್ಣಗಿದ್ದ ಕೈ ಬಿಸಿಯಾಗುತ್ತದೆ. ಅದೃಷ್ಟವಿದ್ದರೆ ತಿಂಗಳುಗಟ್ಟಲೆಯ ಉರಿ ಆರುತ್ತದೆ. ಔಷಧದ ಕಾವು ಇಳಿದ ಮೇಲೂ ಕೆಲವರಿಗೆ ಅದು ಮರಳುತ್ತಿರಲಿಲ್ಲ. ಹಲವರಿಗೆ ಮರಳುತ್ತಿತ್ತು. ಸೂಜಿಯಿಂದ ಇನ್ನೊಂದು ಉಪಯೋಗವೂ ಇತ್ತು: ಯಾವ ನರವನ್ನು ಮರಗಟ್ಟಿಸಿದರೆ ನೋವು ನಿಲ್ಲುತ್ತದೆ ಎಂದು ನೋಡಿ ಅದು ಹರಿಯುವ ದಾರಿಯನ್ನು ಹಿಡಿಯಬಹುದಿತ್ತು.

ಸೂಜಿ ಸಾಲದಾದಾಗ ಬೊನಿಕಾ ಮೂಳೆಯ ಡಾಕ್ಟರನ್ನು ಕೇಳಿದರು, ನರದ ಶಸ್ತ್ರಚಿಕಿತ್ಸಕರನ್ನು ಕೇಳಿದರು, ಮನೋವೈದ್ಯರನ್ನು ಕೇಳಿದರು. ಒಬ್ಬೊಬ್ಬರು ಒಂದೊಂದು ಚೀಟಿ ಬರೆದರು. ಚೀಟಿ ಹಿಡಿದ ರೋಗಿ ಅಲ್ಲಿಂದಿಲ್ಲಿಗೆ ಅಲೆದು ಮತ್ತೆ ಇವರ ಬಳಿಯೇ ಬಂದು ನಿಲ್ಲುತ್ತಿದ್ದ. ಆಗ ಅವರು ಮಾಡಿದ ಕೆಲಸ ತೀರ ಸಾದಾ: ಇವರನ್ನೆಲ್ಲ ಮಧ್ಯಾಹ್ನದ ಊಟಕ್ಕೆ ಒಂದೇ ಮೇಜಿಗೆ ಕೂರಿಸಿದರು. ಊಟದ ನಡುವೆ ಒಬ್ಬ ರೋಗಿಯ ಕಥೆ, ಎಲ್ಲರೂ ಅವರವರ ಮಾತು ಆಡಬೇಕು. ಬೊನಿಕಾ ಅವರ ಜೀವಮಾನದ ಸಾಧನೆಯಲ್ಲಿ ಸೂಜಿಯ ಪಾಲಿಗಿಂತ ಈ ಊಟದ ಮೇಜಿನ ಪಾಲು ದೊಡ್ಡದು. ಆ ಮೇಲೆ ಕಟ್ಟಿದ್ದೆಲ್ಲ ಆ ಮೇಜಿನ ವಿಸ್ತರಣೆಯೇ.

ಯುದ್ಧ ಮುಗಿದ ಮೇಲೆ ಹತ್ತಿರದ ಟಕೋಮಾ ಜನರಲ್ ಆಸ್ಪತ್ರೆಗೆ ಹೋದರು. ಅಲ್ಲಿದ್ದುಕೊಂಡೇ ಬರೆದ ‘ದಿ ಮ್ಯಾನೇಜ್‌ಮೆಂಟ್ ಆಫ್ ಪೇನ್’ 1953ರಲ್ಲಿ ಹೊರಬಂತು. ಸುಮಾರು ಒಂದೂವರೆ ಸಾವಿರ ಪುಟ, ಬಹುಪಾಲು ಒಬ್ಬರೇ ಬರೆದದ್ದು. ನೋವನ್ನೇ ವಿಷಯವಾಗಿಟ್ಟುಕೊಂಡ ಇಷ್ಟು ದೊಡ್ಡ ವೈದ್ಯಗ್ರಂಥ ಅದಕ್ಕೆ ಮೊದಲು ಇರಲಿಲ್ಲ. ಇದರ ಎರಡನೆಯ ಆವೃತ್ತಿ ಬಂದದ್ದು 1990ರಲ್ಲಿ, ಎರಡು ಸಂಪುಟವಾಗಿ, ಹತ್ತಾರು ಲೇಖಕರ ಕೈಯಿಂದ. ನಡುವಿನ ಮೂವತ್ತೇಳು ವರ್ಷಗಳಲ್ಲಿ ಏನಾಯಿತು ಎಂಬುದಕ್ಕೆ ಆ ಲೇಖಕರ ಪಟ್ಟಿಯೇ ಸಾಕ್ಷಿ.

1960ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅರಿವಳಿಕೆ ವಿಭಾಗಕ್ಕೆ ಮುಖ್ಯಸ್ಥರಾದರು. ನರಶಸ್ತ್ರವೈದ್ಯ ಲೊವೆಲ್ ವೈಟ್ ಮತ್ತು ನರ್ಸ್ ಡೊರೊತಿ ಕ್ರೌಲಿ ಅವರೊಡನೆ ನೋವಿನ ಕ್ಲಿನಿಕ್ ತೆರೆದರು. ಆ ಕಾಲದಲ್ಲಿ ನರ್ಸ್ ಒಬ್ಬರನ್ನು ಸರಿಸಮಾನರಾಗಿ ಕೂರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ಮುಂದೆ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಸೇರಿಕೊಂಡರು. ನೋವು ಬಂದಾಗ ಮಾತ್ರೆ, ನೋವು ಬಂದಾಗ ವಿಶ್ರಾಂತಿ, ನೋವು ಬಂದಾಗ ಮನೆಯವರ ಉಪಚಾರ. ಇದೇ ರೂಢಿಯಾದರೆ ಮೈ ನೋವನ್ನೇ ಕಲಿಯುತ್ತದೆ ಎಂಬುದು ಅವರ ವಾದ. ಅವರು ಲೆಕ್ಕ ತಿರುಗಿಸಿದರು. ಮಾತ್ರೆ ಗಡಿಯಾರ ನೋಡಿ ಕೊಡಬೇಕು, ನೋವು ನೋಡಿ ಅಲ್ಲ. ನಡಿಗೆ ಇಷ್ಟು ಹೆಜ್ಜೆ ಎಂದು ಮೊದಲೇ ಗೊತ್ತು ಮಾಡಬೇಕು, ಅದನ್ನು ಮುಗಿಸಿದ ಮೇಲೆ ವಿಶ್ರಾಂತಿ. ವರ್ಷಗಟ್ಟಲೆ ಹಾಸಿಗೆ ಹಿಡಿದವರು ಎದ್ದು ಓಡಾಡತೊಡಗಿದರು. ನೋವು ಪೂರ್ತಿ ಹೋಯಿತೆಂದಲ್ಲ. ಬದುಕಿನ ಯಜಮಾನಿಕೆ ಅದರ ಕೈತಪ್ಪಿತು.

1973ರ ಮೇ ತಿಂಗಳಲ್ಲಿ ಸಿಯಾಟಲ್ ಹತ್ತಿರದ ಇಸಾಕ್ವಾ ಎಂಬ ಊರಿನಲ್ಲಿ, ಹಿಂದೆ ಕ್ರೈಸ್ತ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡದಲ್ಲಿ, ಬೊನಿಕಾ ಮುನ್ನೂರಕ್ಕೂ ಹೆಚ್ಚು ಜನರನ್ನು ಸೇರಿಸಿದರು. ಇಲಿಯ ನರಕ್ಕೆ ತಂತಿ ಜೋಡಿಸುವ ವಿಜ್ಞಾನಿಗಳೂ ಇದ್ದರು, ದಿನಕ್ಕೆ ನಲವತ್ತು ರೋಗಿ ನೋಡುವ ಡಾಕ್ಟರುಗಳೂ ಇದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ನೋವಿನ ಸುದ್ದಿಯನ್ನು ಬೆನ್ನುಹುರಿಯೇ ಒಳಗೆ ಬಿಡುತ್ತದೆ ಅಥವಾ ತಡೆಯುತ್ತದೆ ಎಂಬ ‘ಗೇಟ್’ ಸಿದ್ಧಾಂತವನ್ನು 1965ರಲ್ಲಿ ಮಂಡಿಸಿದ್ದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಈ ಬಳಗದ ಪ್ರಮುಖರು. ಸಭೆಯ ಫಲವಾಗಿ 1974ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಹುಟ್ಟಿತು. 1975ರಲ್ಲಿ ವಾಲ್ ಸಂಪಾದಕತ್ವದಲ್ಲಿ ‘ಪೇನ್’ ಪತ್ರಿಕೆ ಶುರುವಾಯಿತು, ಇಟಲಿಯ ಫ್ಲಾರೆನ್ಸ್‌ನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಬೂಟ್ ಪಾಲಿಶ್ ಹುಡುಗ ಹುಟ್ಟಿದ ದೇಶಕ್ಕೇ ಮೇಜನ್ನು ಒಯ್ದಿದ್ದ.

ಅದೇ ವರ್ಷ ಮೆಲ್ಜಾಕ್ ನೋವಿನ ಮಾತುಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು: ರೋಗಿ ತನ್ನ ನೋವಿಗೆ ಯಾವ ಶಬ್ದ ಬಳಸುತ್ತಾನೆ ಎಂಬುದರಿಂದಲೇ ಅದರ ಜಾತಿ ತಿಳಿಯಬಹುದೆಂದು. ಕನ್ನಡದವರಿಗೆ ಇದು ಹೊಸದೇನಲ್ಲ. ಉರಿ, ಚಳಕು, ಸೆಳೆತ, ಸಿಡಿತ, ಜೋಮು, ಹೊಟ್ಟೆ ನುಲಿಯುವುದು, ಮೈಕೈ ಮುರಿಯುವುದು ಎಲ್ಲ ಬೇರೆ ಬೇರೆ ಎಂದು ಅಜ್ಜಿಗೂ ಗೊತ್ತು. ಬರೆದುಕೊಳ್ಳುವ ಡಾಕ್ಟರು ಬೇಕಿತ್ತು, ಅಷ್ಟೆ.

1979ರಲ್ಲಿ ಸಂಘ ನೋವಿಗೆ ವ್ಯಾಖ್ಯೆ ಕೊಟ್ಟಿತು. ಅದರ ಸಾರ: ನೋವು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು, ಅಂಗಾಂಶಕ್ಕೆ ಆದ ಹಾನಿ ಕಣ್ಣಿಗೆ ಕಾಣಲೇಬೇಕೆಂದಿಲ್ಲ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮ ಪ್ರಕಟಿಸಿತು: ಸಾದಾ ಮಾತ್ರೆ, ಅದಕ್ಕೆ ಬಗ್ಗದಿದ್ದರೆ ಸೌಮ್ಯ ಅಫೀಮು ಔಷಧ, ಕೊನೆಗೆ ಮಾರ್ಫೀನ್, ಅದೂ ಬಾಯಿಯ ಮೂಲಕ, ಹೊತ್ತು ಹೊತ್ತಿಗೆ. ಸರ್ಕಾರಿ ಪರವಾನಗಿಯಲ್ಲಿ ಗಸಗಸೆ ಬೆಳೆದು ಅಫೀಮು ರಫ್ತು ಮಾಡುವ ಭಾರತದಲ್ಲಿ, 1985ರ ಮಾದಕವಸ್ತು ಕಾನೂನಿನಿಂದಾಗಿ ನಮ್ಮದೇ ರೋಗಿಗಳಿಗೆ ಆ ಮೂರನೆಯ ಮೆಟ್ಟಿಲು ಎಟುಕುವುದು ಕಷ್ಟವಾಯಿತು. ತಿದ್ದುಪಡಿ ಬಂದದ್ದು 2014ರಲ್ಲಿ.

ಇಷ್ಟು ಹೊತ್ತಿಗೆ ಬೊನಿಕಾ ಸ್ವತಃ ರೋಗಿ. ಕೀಲುಗಳು ಸವೆದಿದ್ದವು. ಇಪ್ಪತ್ತಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳಾದವು, ಸೊಂಟದ ಕೀಲು ಬದಲಾಯಿತು, ಊರುಗೋಲು ಬಂತು. ಕುತ್ತಿಗೆ ತಿರುಗದು, ತೋಳು ಮೇಲೇಳದು. ತಾವೇ ಕಲಿಸಿದ ಡಾಕ್ಟರುಗಳಿಂದ ಸೂಜಿ ಹಾಕಿಸಿಕೊಂಡು ಕೆಲಸಕ್ಕೆ ಕೂರುತ್ತಿದ್ದರು. 1994ರ ಜುಲೈನಲ್ಲಿ ಎಮ್ಮಾ ತೀರಿಕೊಂಡರು. ಮುಂದಿನ ತಿಂಗಳು, ಆಗಸ್ಟ್ 15ರಂದು, ಬೊನಿಕಾ ಹೊರಟರು, ವಯಸ್ಸು 77.

ಅವರ ನಂತರ ಅಮೆರಿಕದಲ್ಲಿ ಆದದ್ದು ಅವರಿಗೆ ಮೆಚ್ಚುಗೆಯಾಗುತ್ತಿರಲಿಲ್ಲ. ಸೂಜಿಗೆ ಬಿಲ್ ಬರೆಯಬಹುದು, ನಾಲ್ಕು ಜನ ಡಾಕ್ಟರು ಕೂತು ಮಾತಾಡಿದ್ದಕ್ಕೆ ಬಿಲ್ ಬರೆದರೆ ವಿಮೆಯವರು ಕೊಡುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು ನೋಡುವ ಕ್ಲಿನಿಕ್‌ಗಳು ಒಂದೊಂದಾಗಿ ಮುಚ್ಚಿದವು. ಆಕ್ಸಿಕಾಂಟಿನ್ ಎಂಬ ಅಫೀಮು ಮಾತ್ರೆ 1996ರಲ್ಲಿ ಪೇಟೆಗೆ ಬಂತು, ಅದರ ಹಿಂದೆ ಚಟವೂ ಸಾವೂ ಬಂದವು. ಭಾರತದಲ್ಲೂ ಅಂತರರಾಷ್ಟ್ರೀಯ ಸಂಘದ ಶಾಖೆ ಇದೆ, ಪೇನ್ ಕ್ಲಿನಿಕ್ ಎಂಬ ಬೋರ್ಡು ನಮ್ಮ ನಗರಗಳಲ್ಲೂ ಕಾಣುತ್ತದೆ. ಒಳಗೆ ಕೂತವರು ಹೆಚ್ಚಾಗಿ ಅರಿವಳಿಕೆ ಓದಿದವರೇ. ಸೂಜಿ ಎಲ್ಲ ಕಡೆ ಉಳಿದಿದೆ, ಮೇಜು ಅಪರೂಪ.

ನೋವೇ ಒಂದು ಕಾಯಿಲೆ ಎಂದು ಲೆರಿಷ್ ಮತ್ತು ಬೊನಿಕಾ ಹಟ ಹಿಡಿದು ಹೇಳಿದ ಮಾತು ಮಾತ್ರ ಕಾಗದಕ್ಕೆ ಇಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ದೀರ್ಘಕಾಲದ ನೋವಿಗೆ ಅದರಲ್ಲಿ ಎಂಜಿ30 ಎಂಬ ಸ್ವಂತ ಸಂಖ್ಯೆ ಇದೆ.